ಹಗ್ಗದ ಬಿಗಿತ, ಕೋನದ ಲೆಕ್ಕ

ತೂಗುಹಾಕಿದ ವಸ್ತು ಅಲುಗಾಡದೆ ನಿಂತಿದ್ದರೆ ಅದರ ಮೇಲೆ ಯಾವ ಬಲವೂ ಇಲ್ಲವೆಂದು ತಿಳಿಯಬಾರದು. ಬಲಗಳು ಇವೆ, ಆದರೆ ಅವು ಒಂದಕ್ಕೊಂದು ಸರಿದೂಗಿವೆ. ಕಲಬುರಗಿಯಿಂದ ಹುಮನಾಬಾದಿಗೆ ಹೋಗುವ ದಾರಿಯಲ್ಲಿರುವ ಕಮಲಾಪುರ ಕೆಂಪು ಬಾಳೆಗೆ ಹೆಸರಾದ ಊರು. ಈ ಬಾಳೆಗೆ ಭೌಗೋಳಿಕ ಸೂಚಿಯ ಮಾನ್ಯತೆಯೂ ಸಿಕ್ಕಿದೆ. ಅಂಥ ಬಾಳೆಯ 20 ಕಿಲೋ ತೂಕದ ಗೊನೆಯನ್ನು ಅಂಗಡಿಯ ಜಂತಿಗೆ ಒಂದೇ ಹಗ್ಗದಿಂದ ನೇತುಹಾಕಿದರೆ ಲೆಕ್ಕ ಸರಳ. ಭೂಮಿ ಆ ಗೊನೆಯನ್ನು ಕೆಳಕ್ಕೆ ಎಳೆಯುವ ಬಲ 20 × 9.8, ಅಂದರೆ 196 ನ್ಯೂಟನ್. ಗೊನೆ ಬೀಳುತ್ತಿಲ್ಲವಾದ್ದರಿಂದ ಹಗ್ಗ ಅದನ್ನು ಅಷ್ಟೇ ಬಲದಿಂದ ಮೇಲಕ್ಕೆ ಎಳೆಯುತ್ತಿರಬೇಕು. ಹಗ್ಗದೊಳಗಿನ ಈ ಎಳೆತಕ್ಕೆ ಬಿಗಿತ ಎನ್ನುತ್ತಾರೆ. ಇಲ್ಲಿ ಬಿಗಿತವೂ 196 ನ್ಯೂಟನ್ನೇ.

ಅದೇ ಗೊನೆಯನ್ನು ಎರಡು ಕಂಬಗಳ ನಡುವೆ ಕಟ್ಟಿದ ಹಗ್ಗದ ಮಧ್ಯಕ್ಕೆ ಗಂಟುಹಾಕಿದರೆ ಲೆಕ್ಕ ಬದಲಾಗುತ್ತದೆ. ಈಗ ಹಗ್ಗಕ್ಕೆ ಎರಡು ತೋಳುಗಳು, ತೂಕ ಇಬ್ಭಾಗವಾಗಿ ಒಂದೊಂದಕ್ಕೆ 98 ನ್ಯೂಟನ್ ಬಂದಿರಬೇಕು ಎಂದು ಯಾರಿಗಾದರೂ ತೋರುತ್ತದೆ. ಎರಡೂ ತೋಳುಗಳು ನೆಟ್ಟಗೆ ಮೇಲಕ್ಕೆ ಹೋಗಿದ್ದರೆ ಅದು ನಿಜವೂ ಆಗುತ್ತಿತ್ತು. ಓರೆಯಾದ ಹಗ್ಗ ಮಾತ್ರ ಹಾಗಲ್ಲ. ಹಗ್ಗ ತನ್ನ ಉದ್ದದ ದಿಕ್ಕಿನಲ್ಲಿ ಮಾತ್ರ ಎಳೆಯಬಲ್ಲದು. ಪಕ್ಕಕ್ಕೆ ನೂಕಲಾರದು, ಬಾಗಿಸಲಾರದು. ಓರೆ ಹಗ್ಗದ ಎಳೆತದಲ್ಲಿ ಒಂದು ಪಾಲು ಗೊನೆಯನ್ನು ಎತ್ತಿ ಹಿಡಿಯುತ್ತದೆ, ಉಳಿದ ಪಾಲು ಅದನ್ನು ಕಂಬದ ಕಡೆಗೆ ಎಳೆಯುತ್ತದೆ. ಎಡದ ಕಂಬದ ಕಡೆಗಿನ ಎಳೆತವನ್ನು ಬಲದ ಕಂಬದ ಕಡೆಗಿನ ಎಳೆತ ರದ್ದುಮಾಡುವುದರಿಂದ ಗೊನೆ ಎತ್ತಲೂ ಸರಿಯುವುದಿಲ್ಲ. ಆದರೆ ರದ್ದಾದದ್ದು ಗೊನೆಯ ಮೇಲಿನ ಪರಿಣಾಮ ಮಾತ್ರ. ಹಗ್ಗಕ್ಕೂ ಕಂಬಕ್ಕೂ ಆ ಎಳೆತ ತಪ್ಪಿದ್ದಲ್ಲ.

ಯಾವ ಪಾಲು ಎಷ್ಟು ಎಂಬುದನ್ನು ತ್ರಿಕೋನಮಿತಿ ಹೇಳುತ್ತದೆ. ಹಗ್ಗವು ಅಡ್ಡಗೆರೆಯೊಂದಿಗೆ ಮಾಡುವ ಕೋನವನ್ನು ಅಳೆದರೆ, ಎತ್ತಿ ಹಿಡಿಯುವ ಪಾಲು ಬಿಗಿತ × ಸೈನ್ ಕೋನ. ಪಕ್ಕಕ್ಕೆ ಎಳೆಯುವ ಪಾಲು ಬಿಗಿತ × ಕೊಸೈನ್ ಕೋನ. ಎರಡು ತೋಳುಗಳ ಎತ್ತುವ ಪಾಲುಗಳು ಕೂಡಿ ತೂಕಕ್ಕೆ ಸಮನಾಗಬೇಕು. ಆದ್ದರಿಂದ

ಬಿಗಿತ = ತೂಕ ÷ (2 × ಸೈನ್ ಕೋನ)

ಕೋನ 60 ಡಿಗ್ರಿ ಇದ್ದಾಗ ಪ್ರತಿ ತೋಳಿನ ಬಿಗಿತ ಸುಮಾರು 113 ನ್ಯೂಟನ್, 45 ಡಿಗ್ರಿಗೆ 139. ಕೋನ 30 ಡಿಗ್ರಿಗೆ ಇಳಿದಾಗ ಸೈನ್ ಬೆಲೆ ಸರಿಯಾಗಿ ಅರ್ಧವಾಗುವುದರಿಂದ ಬಿಗಿತ 196 ನ್ಯೂಟನ್ ಆಗುತ್ತದೆ. ಎರಡು ತೋಳುಗಳಿದ್ದೂ ಒಂದೊಂದು ತೋಳೂ ಇಡೀ ಗೊನೆಯ ತೂಕದಷ್ಟೇ ಎಳೆತವನ್ನು ಹೊತ್ತಿರುತ್ತದೆ, ಎರಡನೆಯ ತೋಳಿನಿಂದ ಲಾಭವೇ ಆಗಿಲ್ಲ. ಅಲ್ಲಿಂದ ಮುಂದೆ ನಷ್ಟವೇ. 10 ಡಿಗ್ರಿಗೆ ಬಿಗಿತ 564 ನ್ಯೂಟನ್, 5 ಡಿಗ್ರಿಗೆ 1124, 1 ಡಿಗ್ರಿಗೆ 5600ಕ್ಕೂ ಹೆಚ್ಚು. ಹಗ್ಗ ಅಡ್ಡಗೆರೆಗೆ ಹತ್ತಿರವಾದಂತೆ ಅದರ ಬಿಗಿತ ಎಲ್ಲೆಯಿಲ್ಲದೆ ಏರುತ್ತದೆ.

ಕಟ್ಟಿದ ಹಗ್ಗದಲ್ಲಿ ಕೋನವನ್ನು ಅಳೆಯುವುದು ತೊಡಕಿನ ಕೆಲಸ. ಆದರೆ ಅಳತೆಪಟ್ಟಿ ಇದ್ದರೆ ಕೋನದ ಗೊಡವೆಯೇ ಬೇಡ. ಸೈನ್ ಎಂಬುದು ಲಂಬಕೋನ ತ್ರಿಭುಜದ ಅಭಿಮುಖ ಬಾಹುವನ್ನು ವಿಕರ್ಣದಿಂದ ಭಾಗಿಸಿದ ಬೆಲೆ. ಇಲ್ಲಿ ವಿಕರ್ಣವೆಂದರೆ ಹಗ್ಗದ ಒಂದು ತೋಳಿನ ಉದ್ದ, ಅಭಿಮುಖ ಬಾಹುವೆಂದರೆ ಹಗ್ಗದ ಜೋಲು, ಅಂದರೆ ಕಂಬಕ್ಕೆ ಕಟ್ಟಿದ ಜಾಗದಿಂದ ಗಂಟು ಎಷ್ಟು ಕೆಳಗಿದೆ ಎಂಬ ಅಳತೆ. ತೂಕವನ್ನು ತೋಳಿನ ಉದ್ದದಿಂದ ಗುಣಿಸಿ, ಜೋಲಿನ ಎರಡರಷ್ಟರಿಂದ ಭಾಗಿಸಿದರೆ ಬಿಗಿತ ಸಿಗುತ್ತದೆ. ಕಂಬಗಳ ನಡುವೆ 4 ಮೀಟರ್ ಅಂತರ, ಜೋಲು 1 ಮೀಟರ್ ಇದ್ದರೆ ತೋಳಿನ ಉದ್ದ 2.24 ಮೀಟರ್, ಬಿಗಿತ 219 ನ್ಯೂಟನ್. ಗೊನೆ ನೆಲದಿಂದ ಇನ್ನಷ್ಟು ಮೇಲಿರಲಿ ಎಂದು ಹಗ್ಗವನ್ನು ಜಗ್ಗಿ ಜೋಲನ್ನು 20 ಸೆಂಟಿಮೀಟರಿಗೆ ತಂದರೆ ಬಿಗಿತ 985 ನ್ಯೂಟನ್. 10 ಸೆಂಟಿಮೀಟರಿಗೆ ತಂದರೆ 1960ಕ್ಕೂ ಸ್ವಲ್ಪ ಹೆಚ್ಚು. ಆಗ 20 ಕಿಲೋ ಗೊನೆಯೊಂದು ಹಗ್ಗವನ್ನು 200 ಕಿಲೋ ಭಾರದಂತೆ ಎಳೆಯುತ್ತಿರುತ್ತದೆ, ಕಂಬಗಳು ಒಳಕ್ಕೆ ವಾಲತೊಡಗುತ್ತವೆ. ಜೋಲನ್ನು ಪೂರ್ತಿ ಇಲ್ಲವಾಗಿಸಲು ಎಷ್ಟು ಜಗ್ಗಿದರೂ ಆಗದು. ಅಡ್ಡಗೆರೆಯಂತೆ ನೆಟ್ಟಗಿರುವ ಹಗ್ಗಕ್ಕೆ ಎತ್ತುವ ಪಾಲೇ ಇರುವುದಿಲ್ಲ. ಎತ್ತುವ ಪಾಲಿಲ್ಲದ ಹಗ್ಗ ಗೊನೆಯನ್ನಿರಲಿ, ಒಂದು ಹಣ್ಣನ್ನೂ ಹೊರಲಾರದು. ಜಾತ್ರೆ ಉತ್ಸವಗಳಲ್ಲಿ ರಸ್ತೆಗೆ ಅಡ್ಡಲಾಗಿ ತೋರಣ ಕಟ್ಟುವವರು ಹಗ್ಗವನ್ನು ಎಷ್ಟು ಎಳೆದರೂ ನಡುವೆ ಸ್ವಲ್ಪ ಜೋಲು ಉಳಿದೇ ಉಳಿಯುವುದಕ್ಕೆ ಇದೇ ಕಾರಣ.

ಈ ಲೆಕ್ಕದ ಬೇರು ಸಮರೂಪ ತ್ರಿಭುಜಗಳಲ್ಲಿದೆ. ಹಗ್ಗ ಮತ್ತು ಜೋಲು ಸೇರಿ ಮಾಡುವ ತ್ರಿಭುಜದ ಆಕಾರವೂ ಬಲಗಳನ್ನು ಗೆರೆಗಳಾಗಿ ಎಳೆದಾಗ ಮೂಡುವ ತ್ರಿಭುಜದ ಆಕಾರವೂ ಒಂದೇ. ಆದ್ದರಿಂದಲೇ ಮೀಟರಿನಲ್ಲಿ ಅಳೆದದ್ದು ನ್ಯೂಟನ್ನಿನ ಉತ್ತರ ಕೊಡುತ್ತದೆ. ಸಮರೂಪ ತ್ರಿಭುಜಗಳ ಈ ಜಾಣ್ಮೆ ಕಲಬುರಗಿ ಸೀಮೆಗೆ ಹೊಸದಲ್ಲ. ಇದೇ ಜಿಲ್ಲೆಯ ಸೇಡಂ ತಾಲ್ಲೂಕಿನಲ್ಲಿ, ಕಾಗಿಣಾ ನದಿಯ ದಂಡೆಯ ಮೇಲಿರುವ ಮಳಖೇಡ ರಾಷ್ಟ್ರಕೂಟರ ರಾಜಧಾನಿಯಾಗಿತ್ತು. ಅಲ್ಲಿ ಆಳಿದ ಅಮೋಘವರ್ಷ ನೃಪತುಂಗನನ್ನು ಹೊಗಳಿ, ಸುಮಾರು ಕ್ರಿ.ಶ. 850ರಲ್ಲಿ ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ ಬರೆದ. ಅದರಲ್ಲಿ ಎರಡು ಕಂಬಗಳ ಮತ್ತು ಹಗ್ಗಗಳ ಲೆಕ್ಕವೊಂದಿದೆ. ಒಂದೊಂದು ಕಂಬದ ತುದಿಯಿಂದ ಇನ್ನೊಂದರ ಬುಡಕ್ಕೆ ಹಗ್ಗ ಕಟ್ಟಿದರೆ ಅವೆರಡೂ ನೆಲದಿಂದ ಎಷ್ಟು ಎತ್ತರದಲ್ಲಿ ಒಂದನ್ನೊಂದು ದಾಟುತ್ತವೆ ಎಂಬುದು ಪ್ರಶ್ನೆ. ಎತ್ತರಗಳ ಗುಣಲಬ್ಧವನ್ನು ಅವುಗಳ ಮೊತ್ತದಿಂದ ಭಾಗಿಸಿದರೆ ಉತ್ತರ. ಕಂಬಗಳು 12 ಮತ್ತು 6 ಮೊಳ ಇದ್ದರೆ ಹಗ್ಗಗಳು 4 ಮೊಳ ಎತ್ತರದಲ್ಲಿ ದಾಟುತ್ತವೆ, ಕಂಬಗಳ ನಡುವಿನ ಅಂತರ ಎಷ್ಟಿದ್ದರೂ ಸರಿ. ಆ ಹಗ್ಗಗಳ ಮೇಲೆ ಭಾರವಿಲ್ಲ, ಅದು ಶುದ್ಧ ರೇಖಾಗಣಿತ. ಸೈನ್ ಬೆಲೆಗಳ ಕೋಷ್ಟಕವಂತೂ ಇನ್ನೂ ಹಳೆಯದು; 499ರಷ್ಟು ಹಿಂದೆಯೇ ಆರ್ಯಭಟ ಅದನ್ನು ಗ್ರಹಗಳ ಲೆಕ್ಕಕ್ಕಾಗಿ ಕೊಟ್ಟಿದ್ದ. ಅದೇ ತ್ರಿಭುಜಗಳನ್ನು ಬಲಗಳಿಗೂ ಹಚ್ಚಬಹುದೆಂಬ ತಿಳಿವಳಿಕೆ ಬಹಳ ತಡವಾಗಿ ಬಂತು. ನೆದರ್ಲೆಂಡ್ಸಿನಲ್ಲಿ ದುಡಿದ ಸೈಮನ್ ಸ್ಟೆವಿನ್ 1586ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇಳಿಜಾರಿನ ಮೇಲಿನ ಭಾರ ಹೇಗೆ ಸರಿದೂಗುತ್ತದೆ ಎಂಬುದನ್ನು ಸಾಧಿಸಿ ತೋರಿಸಿದ. ಹದಿನೇಳನೆಯ ಶತಮಾನದಲ್ಲಿ ಫ್ರಾನ್ಸಿನ ಬರ್ನಾರ್ಡ್ ಲ್ಯಾಮಿ ಮೂರು ಬಲಗಳ ಸಮತೋಲಕ್ಕೆ ಒಂದು ಅಚ್ಚುಕಟ್ಟಾದ ನಿಯಮ ಕೊಟ್ಟ.

ಎರಡು ತೋಳುಗಳ ಕೋನ ಬೇರೆಬೇರೆಯಾಗಿದ್ದಾಗ ಲ್ಯಾಮಿಯ ನಿಯಮದ ಉಪಯೋಗ ತಿಳಿಯುತ್ತದೆ. ಒಂದು ಬಿಂದುವನ್ನು ಮೂರು ಬಲಗಳು ಎಳೆಯುತ್ತ ಸಮತೋಲದಲ್ಲಿದ್ದರೆ, ಪ್ರತಿಯೊಂದು ಬಲವೂ ಉಳಿದೆರಡು ಬಲಗಳ ನಡುವಿನ ಕೋನದ ಸೈನ್‌ಗೆ ಅನುಪಾತದಲ್ಲಿರುತ್ತದೆ. ಗೊನೆಯ ಗಂಟಿನಿಂದ ಒಂದು ತೋಳು 30 ಡಿಗ್ರಿ ಓರೆಯಲ್ಲಿ ದೂರದ ಕಂಬಕ್ಕೂ ಇನ್ನೊಂದು 60 ಡಿಗ್ರಿ ಓರೆಯಲ್ಲಿ ಹತ್ತಿರದ ಬೇವಿನ ಕೊಂಬೆಗೂ ಹೋಗಿದ್ದರೆ, ಎರಡು ತೋಳುಗಳ ನಡುವೆ ಸರಿಯಾಗಿ 90 ಡಿಗ್ರಿ ಇರುತ್ತದೆ. ತೂಕಕ್ಕೂ 60 ಡಿಗ್ರಿಯ ತೋಳಿಗೂ ನಡುವೆ 150 ಡಿಗ್ರಿ, ತೂಕಕ್ಕೂ 30 ಡಿಗ್ರಿಯ ತೋಳಿಗೂ ನಡುವೆ 120 ಡಿಗ್ರಿ. ನಿಯಮದಂತೆ ದೂರದ, ಚಪ್ಪಟೆ ತೋಳಿನ ಬಿಗಿತ 196 × ಸೈನ್ 150, ಅಂದರೆ 98 ನ್ಯೂಟನ್. ನೆಟ್ಟಗಿನ ತೋಳಿನದು 196 × ಸೈನ್ 120, ಸುಮಾರು 170 ನ್ಯೂಟನ್. ತಾಳೆ ನೋಡಲು ಅಡ್ಡ ಪಾಲುಗಳನ್ನು ತೆಗೆದರೆ ಎರಡೂ 85 ನ್ಯೂಟನ್ನಿಗೆ ಸಮ. ಎತ್ತುವ ಪಾಲುಗಳು 49 ಮತ್ತು 147, ಕೂಡಿದರೆ 196. ಚಪ್ಪಟೆ ಹಗ್ಗಕ್ಕೆ ಯಾವಾಗಲೂ ಹೆಚ್ಚು ಬಿಗಿತ ಎಂದು ಹಿಂದಿನ ಲೆಕ್ಕದಿಂದ ಬಾಯಿಪಾಠ ಮಾಡಿಕೊಂಡವರು ಇಲ್ಲಿ ತಪ್ಪುತ್ತಾರೆ. ಒಂದೇ ಗಂಟಿಗೆ ಎರಡು ತೋಳುಗಳು ಸೇರಿದಾಗ ಅಡ್ಡ ಪಾಲುಗಳು ಸಮನಾಗಲೇಬೇಕು. ಚಪ್ಪಟೆ ತೋಳು ತನ್ನ ಬಿಗಿತದ ಬಹುಪಾಲನ್ನು ಅಡ್ಡಕ್ಕೇ ಕೊಡುವುದರಿಂದ ಅದಕ್ಕೆ ಕಡಿಮೆ ಬಿಗಿತ ಸಾಕು. ಭಾರವನ್ನು ಹೆಚ್ಚಾಗಿ ಹೊರುವುದು ನೆಟ್ಟಗಿನ ತೋಳು.

ಗಂಟುಹಾಕುವುದಕ್ಕೂ ಕೊಕ್ಕೆಯಿಂದ ತೂಗುಹಾಕುವುದಕ್ಕೂ ವ್ಯತ್ಯಾಸವಿದೆ. ಈ ಭೇದವನ್ನು ಶಾಲೆಯ ಪಾಠದಲ್ಲಿ ಇನ್ನಷ್ಟು ಒತ್ತಿ ಹೇಳಬೇಕು, ಏಕೆಂದರೆ ಪ್ರಶ್ನೆಯ ಚಿತ್ರದಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ಗಂಟು ಹಗ್ಗವನ್ನು ಎರಡು ಬೇರೆ ಹಗ್ಗಗಳನ್ನಾಗಿ ಮಾಡುತ್ತದೆ, ಅವುಗಳ ಬಿಗಿತ ಬೇರೆಬೇರೆ ಇರಬಹುದು. ನುಣುಪಾದ ಕೊಕ್ಕೆ ಮಾತ್ರ ಹಗ್ಗದ ಮೇಲೆ ಜಾರಬಲ್ಲದು. ಹಗ್ಗ ಒಂದೇ ಆಗಿ ಉಳಿಯುತ್ತದೆ, ಎರಡೂ ಬದಿಯ ಬಿಗಿತ ಸಮ. ಬಿಗಿತ ಸಮನಾಗಿದ್ದು ಅಡ್ಡ ಪಾಲುಗಳೂ ಸಮನಾಗಬೇಕಾದರೆ ಕೋನಗಳೂ ಸಮನಾಗದೆ ವಿಧಿಯಿಲ್ಲ. ಹಾಗಾಗಿ ಒಂದು ಕಂಬ ಎತ್ತರ, ಇನ್ನೊಂದು ಗಿಡ್ಡ ಇದ್ದರೂ ಕೊಕ್ಕೆ ಗಿಡ್ಡ ಕಂಬದ ಕಡೆಗೆ ಸರಿದು, ಎರಡೂ ಬದಿಯಲ್ಲಿ ಒಂದೇ ಓರೆ ಬರುವ ಜಾಗದಲ್ಲಿ ನಿಲ್ಲುತ್ತದೆ.

ತೋಟದಲ್ಲಿ ಹಗ್ಗದ ಕೆಲಸ ಬೇರೆ ತರಹದ್ದು. ಗೊನೆ ತುಂಬಿದ ಬಾಳೆಗೆ ಗಾಳಿಯ ಭಯ ಹೆಚ್ಚು, ಅದಕ್ಕೆ ಕೋಲಿನ ಆಸರೆ ಕೊಡುತ್ತಾರೆ, ಇಲ್ಲವೇ ಹಗ್ಗದಿಂದ ಎಳೆದು ಕಟ್ಟುತ್ತಾರೆ. ಗಾಳಿ ಗಿಡದ ತಲೆಯನ್ನು 100 ನ್ಯೂಟನ್ ಬಲದಿಂದ ಅಡ್ಡಕ್ಕೆ ನೂಕುತ್ತಿದೆ, ಅದೇ ಎತ್ತರಕ್ಕೆ ಕಟ್ಟಿದ ಹಗ್ಗವೊಂದು ನೆಲದ ಗೂಟಕ್ಕೆ ಬಂದಿದೆ, ಗಿಡ ತಾನಾಗಿ ಗಾಳಿಗೆ ಎದುರು ನಿಲ್ಲುವುದಿಲ್ಲ ಎಂದಿಟ್ಟುಕೊಂಡರೆ, ಹಗ್ಗದ ಅಡ್ಡ ಪಾಲು 100 ನ್ಯೂಟನ್ ಆಗಬೇಕು. ಹಗ್ಗ ನೆಲದೊಂದಿಗೆ 60 ಡಿಗ್ರಿ ಮಾಡಿದ್ದರೆ ಬಿಗಿತ 100 ÷ ಕೊಸೈನ್ 60, ಅಂದರೆ 200 ನ್ಯೂಟನ್. ಅದರ ಜೊತೆಗೆ ಹಗ್ಗ ಗಿಡವನ್ನು 173 ನ್ಯೂಟನ್ನಿನಷ್ಟು ಕೆಳಕ್ಕೂ ಅದುಮುತ್ತದೆ. ಗೂಟವನ್ನು ದೂರಕ್ಕೆ ಸರಿಸಿ ಕೋನವನ್ನು 30 ಡಿಗ್ರಿಗೆ ಇಳಿಸಿದರೆ ಬಿಗಿತ 115, ಕೆಳಕ್ಕೆ ಅದುಮುವ ಬಲ ಬರೀ 58. ಗೊನೆ ಹೊರುವ ಹಗ್ಗ ನೆಟ್ಟಗಿದ್ದಷ್ಟು ಒಳ್ಳೆಯದು, ಗಾಳಿ ತಡೆಯುವ ಹಗ್ಗ ಚಪ್ಪಟೆಯಾದಷ್ಟು ಒಳ್ಳೆಯದು. ಸೂತ್ರ ಒಂದೇ, ಬೇಕಾದ ಪಾಲು ಬೇರೆ.

ಇಲ್ಲಿಯವರೆಗಿನ ಭಾರಗಳೆಲ್ಲ ನಿಂತಲ್ಲೇ ನಿಂತವು. ಉತ್ತರ ಕರ್ನಾಟಕದಲ್ಲಿ ನಾಗರ ಪಂಚಮಿ ಬಂದರೆ ಜೋಕಾಲಿ ಕಟ್ಟುತ್ತಾರೆ. ಮರದ ಗಟ್ಟಿ ಕೊಂಬೆಗೆ ಹಗ್ಗ ಬಿಗಿದು ಒಬ್ಬರೋ ಇಬ್ಬರೋ ನಿಂತು ಜೀಕುತ್ತಾರೆ. 50 ಕಿಲೋ ತೂಕದವರು ಕೂತರೆ ತೂಕ 490 ನ್ಯೂಟನ್, ನೆಟ್ಟಗೆ ಇಳಿದ ಎರಡು ಹಗ್ಗಗಳಲ್ಲಿ 245ರಂತೆ ಬಿಗಿತ. ಜೋಕಾಲಿಯನ್ನು ಹಿಂದಕ್ಕೆ ಎಳೆದು, ಹಗ್ಗ ಲಂಬರೇಖೆಯಿಂದ 60 ಡಿಗ್ರಿ ವಾಲುವಂತೆ, ನೆಲಕ್ಕೆ ಸಮಾನಾಂತರವಾಗಿ ಜಗ್ಗಿ ಹಿಡಿದರೆ ಏನಾಗುತ್ತದೆ? ಹಗ್ಗದ ಎತ್ತುವ ಪಾಲು ತೂಕಕ್ಕೆ ಸಮನಾಗಬೇಕು, ಆದ್ದರಿಂದ ಒಟ್ಟು ಬಿಗಿತ 490 ÷ ಕೊಸೈನ್ 60, ಅಂದರೆ 980 ನ್ಯೂಟನ್. ಹಿಡಿದವರು ಜಗ್ಗಬೇಕಾದ ಬಲ 490 × ಟ್ಯಾನ್ 60, ಸುಮಾರು 849 ನ್ಯೂಟನ್. ಜೋಕಾಲಿಯಲ್ಲಿ ಕೂತವರನ್ನು ಎತ್ತಿಕೊಳ್ಳುವುದಕ್ಕಿಂತಲೂ ಇದು ಕಷ್ಟ.

ಕೈ ಬಿಟ್ಟ ಕ್ಷಣವೇ ಬಿಗಿತ 980ರಿಂದ 245ಕ್ಕೆ ಕುಸಿಯುತ್ತದೆ. ಜಾಗ ಅದೇ, ಕೋನ ಅದೇ, ತೂಕ ಅದೇ. ಬಿಗಿತ ಮಾತ್ರ ಕಾಲುಭಾಗ. ಹಿಡಿದಿದ್ದಾಗ ಹಗ್ಗ ತೂಕವನ್ನೂ ಹಿಡಿದವರ ಎಳೆತವನ್ನೂ ಎದುರಿಸುತ್ತಿತ್ತು, ಎಲ್ಲ ದಿಕ್ಕಿನಲ್ಲೂ ಸಮತೋಲವಿತ್ತು. ಬಿಟ್ಟ ಮೇಲೆ ಜೋಕಾಲಿ ಹಗ್ಗಕ್ಕೆ ಲಂಬವಾದ ದಿಕ್ಕಿನಲ್ಲಿ ವೇಗ ಪಡೆಯತೊಡಗುತ್ತದೆ, ಆ ದಿಕ್ಕಿನಲ್ಲಿ ಸಮತೋಲವಿಲ್ಲ. ಹಗ್ಗದ ಉದ್ದದ ದಿಕ್ಕಿನಲ್ಲಿ ಮಾತ್ರ, ವೇಗ ಇನ್ನೂ ಸೊನ್ನೆಯಾಗಿರುವ ಆ ಕ್ಷಣದಲ್ಲಿ, ಬಿಗಿತವು ತೂಕ × ಕೊಸೈನ್ 60ಕ್ಕೆ ಸಮ. ಕೊಸೈನ್‌ನಿಂದ ಭಾಗಿಸಬೇಕೋ ಗುಣಿಸಬೇಕೋ ಎಂಬ ಗೊಂದಲ ವಿದ್ಯಾರ್ಥಿಗಳನ್ನು ಕಾಡುವುದು ಇಲ್ಲೇ. ವಸ್ತು ನಿಂತಿದೆಯೇ ಚಲಿಸುತ್ತಿದೆಯೇ, ಸಮತೋಲ ಯಾವ ದಿಕ್ಕಿನಲ್ಲಿದೆ ಎಂದು ಮೊದಲು ನಿರ್ಧರಿಸಿಕೊಂಡರೆ ಗೊಂದಲ ಉಳಿಯದು.

ಜೋಕಾಲಿ ಕೆಳಗಿನ ಬಿಂದುವಿಗೆ ಬರುವಾಗ ವೇಗ ತುಂಬಿರುತ್ತದೆ. ಅಲ್ಲಿ ಹಗ್ಗ ತೂಕವನ್ನು ಹೊರುವುದಲ್ಲದೆ ಕೂತವರ ದಾರಿಯನ್ನು ವೃತ್ತಕ್ಕೆ ಬಾಗಿಸಬೇಕು. ಗಾಳಿಯ ತಡೆಯನ್ನು ಬಿಟ್ಟು ಶಕ್ತಿಯ ಲೆಕ್ಕ ಹಾಕಿದರೆ ಕೆಳಬಿಂದುವಿನ ಬಿಗಿತ ತೂಕ × (3 − 2 × ಕೊಸೈನ್ ಕೋನ) ಎಂದು ಬರುತ್ತದೆ. ಹಗ್ಗದ ಉದ್ದ ಈ ಸೂತ್ರದಲ್ಲಿ ಬರುವುದೇ ಇಲ್ಲ. 60 ಡಿಗ್ರಿಯಿಂದ ಇಳಿದವರಿಗೆ ಅದು ತೂಕದ ಎರಡರಷ್ಟು. ಹಗ್ಗ ನೆಲಕ್ಕೆ ಸಮಾನಾಂತರವಾಗುವಷ್ಟು ಮೇಲೇರಿ ಇಳಿದರೆ ಮೂರರಷ್ಟು. ಇಬ್ಬರು ಎದುರುಬದುರು ನಿಂತು, ಕೂಡಿ 110 ಕಿಲೋ ಇದ್ದು, 60 ಡಿಗ್ರಿವರೆಗೆ ಜೀಕಿದರೆ ಕೊಂಬೆ ಪ್ರತಿ ಸಲವೂ 220 ಕಿಲೋ ಭಾರದ ಎಳೆತ ತಡೆಯಬೇಕು. ಜೋಕಾಲಿಯ ಹಗ್ಗವನ್ನು ಕೂರುವವರ ತೂಕ ನೋಡಿ ಆರಿಸಿದರೆ ಸಾಲದು, ಅದರ ಕನಿಷ್ಠ ಮೂರರಷ್ಟು ತಡೆಯುವ ಹಗ್ಗ ಬೇಕು, ಹಳೆಯ ಹಗ್ಗವಾದರೆ ಇನ್ನೂ ಹೆಚ್ಚಿನ ಎಚ್ಚರ ಬೇಕು.

ಗೊನೆಯ ಭಾರ ಒಂದೇ ಬಿಂದುವಿನಲ್ಲಿತ್ತು. ವಿದ್ಯುತ್ ತಂತಿಯ ಭಾರ ಅದರ ಉದ್ದಕ್ಕೂ ಹರಡಿರುತ್ತದೆ, ಹಾಗಾಗಿ ತಂತಿ ಮೊನೆಯಾಗದೆ ಬಾಗುತ್ತದೆ. ಆ ಬಾಗು ಪರವಲಯವೆಂದು ಬಹುಕಾಲ ನಂಬಿದ್ದರು. ನಿಜವಾದ ಆಕಾರವನ್ನು 1691ರಲ್ಲಿ ಲೈಬ್ನಿಟ್ಸ್, ಹೈಗನ್ಸ್ ಮತ್ತು ಯೊಹಾನ್ ಬರ್ನೂಲಿ ಕಂಡುಕೊಟ್ಟರು. ಜೋಲು ಚಿಕ್ಕದಿದ್ದಾಗ ಎರಡಕ್ಕೂ ಅಂತರ ನಗಣ್ಯ, ಹಳೆಯ ತ್ರಿಭುಜದ ಲೆಕ್ಕವೇ ಸಾಕು. ಅರ್ಧ ತಂತಿಯನ್ನು ಮಾತ್ರ ನೋಡಿದರೆ ಅದರ ಭಾರ ಅರ್ಧದ ನಡುವೆ ಇದೆ ಎಂದು ಭಾವಿಸಬಹುದು. ಅದರಿಂದ ಸಿಗುವ ಸೂತ್ರದಲ್ಲಿ ಅಡ್ಡ ಬಿಗಿತವೆಂದರೆ ಒಂದು ಮೀಟರ್ ತಂತಿಯ ಭಾರವನ್ನು ಕಂಬಗಳ ಅಂತರದ ವರ್ಗದಿಂದ ಗುಣಿಸಿ, ಜೋಲಿನ ಎಂಟರಷ್ಟರಿಂದ ಭಾಗಿಸಿದ ಬೆಲೆ.

11 ಕಿಲೋವೋಲ್ಟ್ ಮಾರ್ಗಗಳಲ್ಲಿ ಬಳಸುವ, ಲೈನ್‌ಮನ್‌ಗಳು ರ‍್ಯಾಬಿಟ್ ಎಂದು ಕರೆಯುವ ಉಕ್ಕಿನ ಎಳೆಯುಳ್ಳ ಅಲ್ಯೂಮಿನಿಯಂ ತಂತಿ ಕಿಲೋಮೀಟರಿಗೆ 214 ಕಿಲೋ ತೂಗುತ್ತದೆ, ಅಂದರೆ ಮೀಟರಿಗೆ 2.1 ನ್ಯೂಟನ್. ಕಂಬಗಳ ನಡುವೆ 50 ಮೀಟರ್, ಜೋಲು ಅರ್ಧ ಮೀಟರ್ ಇದ್ದರೆ ಬಿಗಿತ ಸುಮಾರು 1310 ನ್ಯೂಟನ್. ತಂತಿಯ ನಿಜವಾದ ಉದ್ದ ಆಗ 50 ಮೀಟರಿಗಿಂತ ಬರೀ 13 ಮಿಲಿಮೀಟರ್ ಹೆಚ್ಚು. ಕಲಬುರಗಿಯ ಬೇಸಿಗೆಯಲ್ಲಿ ಗಾಳಿಯೇ 42, 43 ಡಿಗ್ರಿ ಮುಟ್ಟುತ್ತದೆ. ಬಿಸಿಲಿಗೂ ಒಳಗಿನ ವಿದ್ಯುತ್ತಿಗೂ ಕಾಯ್ದ ತಂತಿ ಅದಕ್ಕಿಂತ ಬಿಸಿಯಾಗಿರುತ್ತದೆ. ತಂತಿಯ ಉಷ್ಣತೆ 30 ಡಿಗ್ರಿ ಏರಿದರೆ ಅದು 28 ಮಿಲಿಮೀಟರಿನಷ್ಟು ಉದ್ದವಾಗುತ್ತದೆ. ಮೂರು ಸೆಂಟಿಮೀಟರೂ ಇಲ್ಲದ ಈ ಹೆಚ್ಚಳ, ಬಿಗಿತ ಕಡಿಮೆಯಾದಾಗ ತಂತಿ ತುಸು ಕುಗ್ಗುವುದನ್ನು ಲೆಕ್ಕಕ್ಕೆ ಹಿಡಿಯದಿದ್ದರೆ, ಜೋಲನ್ನು ಅರ್ಧ ಮೀಟರಿನಿಂದ ಸುಮಾರು 88 ಸೆಂಟಿಮೀಟರಿಗೆ ಹೆಚ್ಚಿಸುತ್ತದೆ. ಬಿಗಿತ 740 ನ್ಯೂಟನ್ನಿಗೆ ಇಳಿಯುತ್ತದೆ. ಬೇಸಿಗೆಯಲ್ಲಿ ಜೋಲುಬಿದ್ದ ತಂತಿ ನೆಲಕ್ಕೆ ಹತ್ತಿರವಾಗಿ ಅಪಾಯ ತರುವುದು ನಿಜ, ಆದರೆ ಎಳೆತದ ಮಟ್ಟಿಗೆ ಅದು ಸಡಿಲ. ತಂತಿ ಹೆಚ್ಚು ಬಿಗಿಯುವುದು ಚಳಿಗಾಲದ ನಸುಕಿನಲ್ಲಿ. ಬೇಸಿಗೆಯ ಮಧ್ಯಾಹ್ನ ತಂತಿಯನ್ನು ಚೆಂದ ಕಾಣುವಷ್ಟು ನೆಟ್ಟಗೆ ಎಳೆದು ಕಟ್ಟಿದರೆ ಚಳಿಗೆ ಅದು ಕುಗ್ಗಿ ಕಂಬವನ್ನೋ ಇನ್ಸುಲೇಟರನ್ನೋ ಮುರಿಯಬಹುದು.

ಸಾಲಿನ ನಡುವಿನ ಕಂಬವನ್ನು ಎರಡು ಬದಿಯ ತಂತಿಗಳೂ ಸಮನಾಗಿ ಎಳೆಯುವುದರಿಂದ ಅದಕ್ಕೆ ತಂತಿಯ ಭಾರ ಮಾತ್ರ. ಸಾಲು ಮುಗಿಯುವ ಕಂಬಕ್ಕೆ ಒಂದೇ ಬದಿಯ ಎಳೆತ. ಮೂರು ತಂತಿಗಳಿದ್ದರೆ 1310ರಂತೆ 3930 ನ್ಯೂಟನ್, ಸುಮಾರು 400 ಕಿಲೋ ಭಾರದಷ್ಟು. ಆದ್ದರಿಂದ ಕೊನೆಯ ಕಂಬಕ್ಕೂ ಮಾರ್ಗ ತಿರುಗುವ ಕಂಬಕ್ಕೂ ಎದುರು ಬದಿಯಿಂದ ಸ್ಟೇ ವೈರ್ ಕಟ್ಟುತ್ತಾರೆ. ಅದು ನೆಲದೊಂದಿಗೆ 45 ಡಿಗ್ರಿ ಮಾಡಿದರೆ ಅದರ ಬಿಗಿತ 3930 ÷ ಕೊಸೈನ್ 45, ಅಂದರೆ 5560 ನ್ಯೂಟನ್ನಿನ ಆಸುಪಾಸು. ಜಾಗವಿಲ್ಲವೆಂದು ಕಂಬದ ಬುಡದ ಹತ್ತಿರವೇ ಹೂತು 60 ಡಿಗ್ರಿಗೆ ನಿಲ್ಲಿಸಿದರೆ 7860. ಬಾಳೆಯ ಗೂಟದ ಲೆಕ್ಕವೇ ಇದು.

ತೂಗುವ ಸರಪಳಿಯನ್ನು ತಲೆಕೆಳಗಾಗಿಸಿದರೆ ಕಮಾನು. ಇಂಗ್ಲೆಂಡಿನ ರಾಬರ್ಟ್ ಹುಕ್ 1675ರಲ್ಲಿ ಈ ಸತ್ಯವನ್ನು ಅಕ್ಷರ ಕದಡಿದ ಒಗಟಾಗಿ ಪ್ರಕಟಿಸಿದ. ಬಿಡಿಸಿದ ರೂಪ ಹೊರಬಂದದ್ದು ಅವನು ತೀರಿಕೊಂಡ ಮೇಲೆ. ತೂಗುವ ಸರಪಳಿಯಲ್ಲಿ ಎಲ್ಲೆಲ್ಲಿ ಎಳೆತವಿದೆಯೋ ಅಲ್ಲೆಲ್ಲ ಕಮಾನಿನಲ್ಲಿ ಒತ್ತಡವಿರುತ್ತದೆ, ಪ್ರಮಾಣ ಅಷ್ಟೇ, ದಿಕ್ಕು ಮಾತ್ರ ತಿರುಗಿದೆ. ಸರಪಳಿ ಕಂಬಗಳನ್ನು ಒಳಕ್ಕೆ ಎಳೆದರೆ ಕಮಾನು ಅವುಗಳನ್ನು ಹೊರಕ್ಕೆ ನೂಕುತ್ತದೆ. ಕಡಿಮೆ ಜೋಲಿನ ಹಗ್ಗಕ್ಕೆ ಬಿಗಿತ ಹೆಚ್ಚಿದ್ದಂತೆ ಅಗಲ ಹೆಚ್ಚಿ ಎತ್ತರ ತಗ್ಗಿದ ಕಮಾನಿಗೆ ಹೊರನೂಕು ಹೆಚ್ಚು. ಮೀಟರಿಗೆ ಇಷ್ಟು ಭಾರ ಎಂದು ಸಮನಾಗಿ ಹರಡಿದ್ದರೆ ತಂತಿಗೆ ಹೇಳಿದ ಸೂತ್ರವೇ ಕಮಾನಿಗೂ ಸಲ್ಲುತ್ತದೆ, ಜೋಲಿನ ಜಾಗದಲ್ಲಿ ಕಮಾನಿನ ಎತ್ತರ ಇಟ್ಟರಾಯಿತು. ಹೊತ್ತ ಭಾರ ಬದಲಾಗದೆ ಎತ್ತರ ಅರ್ಧವಾದರೆ ಹೊರನೂಕು ಎರಡರಷ್ಟಾಗುತ್ತದೆ.

ಹುಕ್‌ಗಿಂತ ಮೂರು ಶತಮಾನ ಮೊದಲೇ, 1367ರಲ್ಲಿ, ಬಹಮನಿ ಅರಸರ ಕಾಲದಲ್ಲಿ ಕಲಬುರಗಿ ಕೋಟೆಯೊಳಗೆ ಕಟ್ಟಿದ ಜಾಮಾ ಮಸೀದಿಯಲ್ಲಿ ಈ ಹೊರನೂಕನ್ನು ತಡೆದ ಬಗೆ ಕಣ್ಣಿಗೇ ಕಾಣುತ್ತದೆ. ಈ ಮಸೀದಿಗೆ ಬೇರೆ ಮಸೀದಿಗಳಂತೆ ತೆರೆದ ಅಂಗಳವಿಲ್ಲ, ಇಡೀ ನೆಲಕ್ಕೆ ಗುಮ್ಮಟಗಳ ಮತ್ತು ಕಮಾನುಗಳ ಮಾಡು. ಬದಿಯ ಪಡಸಾಲೆಗಳ ಕಮಾನುಗಳು ಬಹಳ ಅಗಲ, ಅವು ಹುಟ್ಟುವ ಮಟ್ಟ ನೆಲಕ್ಕೆ ಬಹಳ ಹತ್ತಿರ. ಮೊನೆಯುಳ್ಳ ಈ ಕಮಾನುಗಳು ಸರಪಳಿಯ ಆಕಾರದವಲ್ಲ, ಆದರೆ ಹೊರನೂಕು ಅವಕ್ಕೂ ಇದೆ. ಹುಟ್ಟುವ ಮಟ್ಟ ತಗ್ಗಿನಲ್ಲಿರುವುದರಿಂದ ಆ ನೂಕು ಕಂಬದ ಬುಡದ ಹತ್ತಿರವೇ ಬೀಳುತ್ತದೆ, ಕಂಬವನ್ನು ಉರುಳಿಸಲು ಅದಕ್ಕೆ ಸನ್ನೆಯ ಉದ್ದ ಸಿಗುವುದಿಲ್ಲ. ಸಾಲಿನ ನಡುವಿನ ಕಂಬಗಳಿಗೆ ಎರಡು ಬದಿಯ ಸಮಾನ ಕಮಾನುಗಳ ನೂಕು ಪರಸ್ಪರ ರದ್ದಾಗಿ ಮಾಡಿನ ಭಾರವಷ್ಟೇ ಉಳಿಯುತ್ತದೆ. ಸಾಲು ಮುಗಿಯುವಲ್ಲಿನ ಒಂದು ಬದಿಯ ನೂಕನ್ನು ಹೊರಗೋಡೆ ತನ್ನ ತೂಕದಿಂದ ತಡೆಯಬೇಕು. ಗೋಡೆಯ ತೂಕ ಮತ್ತು ಕಮಾನಿನ ನೂಕು ಕೂಡಿ ಆಗುವ ಓರೆ ಬಲದ ಗೆರೆ ಗೋಡೆಯ ತಳದೊಳಗೇ ನೆಲ ಮುಟ್ಟಿದರೆ ಕಟ್ಟಡ ನಿಲ್ಲುತ್ತದೆ.